ಮೂರು ಮನೆ ಇದ್ದವಳು

ಬಸ್ ನಿಲ್ದಾಣದ ಪಕ್ಕ ಕೊಡೆ ರಿಪೇರಿ ಮಾಡುವ ಅಕ್ಕನಿಗೆ ಬಾಯಿ ಜೋರು. ಮನೆಯಿಲ್ಲದವರನ್ನು ಎಣಿಸಲು ಗಣತಿಯವರು ಮತ್ತೆ ಬರುತ್ತಾರಂತೆ ಎಂದು ಕೇಳಿದ್ದೇ ತಡ, ಮೂಗು ಮುರಿದಳು. ಹೋದ ವರ್ಷ ಬರೆದುಕೊಂಡು ಹೋದರಲ್ಲ, ಏನು ಕಡಿದು ಕಟ್ಟೆ ಹಾಕಿದರು? ಅವಳೂ ಏಳು ತಿಂಗಳ ಬಸುರಿ ಮಗಳೂ ಇವತ್ತಿಗೂ ಮಲಗುವುದು ಮುಚ್ಚಿದ ಗೋದಾಮಿನ ಜಗಲಿ ಮೇಲೆ. ಹತ್ತಿರದ ಆಶ್ರಯ ಕೇಂದ್ರದಲ್ಲಿ ಗಂಡಸರಿಗೆ ಮಾತ್ರ ಜಾಗ. ಹುಟ್ಟುವ ಮಗುವನ್ನು ಎಲ್ಲಿ ಮಲಗಿಸುವುದು ಎಂಬ ಚಿಂತೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಮಗಳ ತಪಾಸಣೆಗೆ ಬಂದ ನರ್ಸಮ್ಮ ಪಕ್ಕದಲ್ಲೇ ಕೂತು ವಿಷಯ ಬಿಡಿಸಿ ಹೇಳಿದರು. ಆಶ್ರಯ ಕೇಂದ್ರದಲ್ಲಿ ಹೆಂಗಸರಿಗೂ ಒಂದು ಕೋಣೆ ಕೊಡಿ ಎಂದು ಕೇಳಿದರೆ ಮೇಲಿನವರು ಹೋದ ವರ್ಷದ ಪಟ್ಟಿ ತೋರಿಸುತ್ತಾರಂತೆ. ಅದರ ಪ್ರಕಾರ ಈ ಬೀದಿಯಲ್ಲಿ ಮನೆಯಿಲ್ಲದ ಹೆಂಗಸರು ಸೊನ್ನೆ.

"ಸೊನ್ನೆಯಾ? ಹಾಗಾದ್ರೆ ನಾವೇನು ದೆವ್ವಗಳಾ?"

"ಅವತ್ತು ನೀವು ಏನಂದ್ರಿ, ನೆನಪಿದೆಯಾ?" ಎಂದರು ನರ್ಸಮ್ಮ.

ಅಕ್ಕ ನಾಲಿಗೆ ಕಚ್ಚಿಕೊಂಡಳು. 'ಮನೆ ಇದೆಯಾ?' ಎಂದು ಕೇಳಿದವರಿಗೆ ಅವಳು, 'ಇಲ್ಲದೆ ಏನು? ತಾಯಿಮನೆ ಇದೆ, ಅತ್ತೆಮನೆ ಇದೆ, ಅಣ್ಣನ ಮನೆ ಇದೆ' ಎಂದು ಠೀವಿಯಿಂದ ಹೇಳಿಬಿಟ್ಟಿದ್ದಳು. ತಾಯಿಮನೆ ಬಿದ್ದುಹೋಗಿ ಎಷ್ಟೋ ವರ್ಷವಾಗಿತ್ತು. ಇನ್ನೆರಡು ಮನೆಗಳ ಹೊಸಿಲು ತುಳಿಯುವಂತಿರಲಿಲ್ಲ. ಮನೆ ಇಲ್ಲ ಅನ್ನೋಕೆ ಅವಳಿಗೆ ನಾಚಿಕೆ. ಉಳಿದ ಹೆಂಗಸರೋ, ಓಡಿಸಿಬಿಡುತ್ತಾರೆ ಎಂದು ಹೆದರಿ ಅವತ್ತು ಜಾಗವನ್ನೇ ಖಾಲಿ ಮಾಡಿದ್ದರು.

ತಪ್ಪು ನಿಮ್ಮೊಬ್ಬರದೇ ಅಲ್ಲ, ಕೇಳಿದ ರೀತಿಯೂ ಸರಿಯಿರಲಿಲ್ಲ ಎಂದರು ನರ್ಸಮ್ಮ. ಈ ಸಲ 'ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ?' ಎಂದು ಕೇಳುತ್ತಾರೆ. ಹೆಸರು ಬರೆಯುವುದಿಲ್ಲ, ಪೊಲೀಸರಿಗೆ ಕೊಡುವುದಿಲ್ಲ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂದಿಲ್ಲ. ಒಬ್ಬರನ್ನೇ ಎರಡು ಸಲ ಎಣಿಸದಂತೆ ಎಲ್ಲ ಬೀದಿಗೂ ಒಂದೇ ದಿನ ಬೆಳಿಗ್ಗೆ ಹೋಗುತ್ತಾರೆ.

"ಹೆಚ್ಚು ಹೇಳಿದ್ರೂ ಸುಳ್ಳು, ಕಡಿಮೆ ಹೇಳಿದ್ರೂ ಸುಳ್ಳು. ಇದ್ದದ್ದು ಇದ್ದ ಹಾಗೆ ಹೇಳಿ ಅಕ್ಕಾ, ಸಾಕು."

ಗಣತಿಯ ದಿನ ಅಕ್ಕ ಜಗಲಿ ಬಿಟ್ಟು ಕದಲಲಿಲ್ಲ. ಕಾಗದ ಹಿಡಿದು ಬಂದ ಮೇಡಂ ಕೇಳಿದ್ದಕ್ಕೆ ತಲೆಯೆತ್ತಿಯೇ ಹೇಳಿದಳು: "ಇಲ್ಲೇ, ಈ ಕಲ್ಲಿನ ಮೇಲೆ. ನಾನು, ನನ್ನ ಬಸುರಿ ಮಗಳು." ಆಮೇಲೆ ಗೋದಾಮಿನ ಹಿಂದೆ ಹೋಗಿ, ಅಲ್ಲಿ ಅಡಗಿ ಕೂತಿದ್ದ ಆರು ಹೆಂಗಸರಿಗೆ ಧೈರ್ಯ ಹೇಳಿ, ಸ್ವಲ್ಪ ಗದರಿಸಿಯೂ ಕರೆತಂದಳು. ಒಟ್ಟು ಎಂಟು ಮಂದಿ ಲೆಕ್ಕಕ್ಕೆ ಸೇರಿದರು. ಅದನ್ನು ಹಿಡಿದೇ ನರ್ಸಮ್ಮ ಕೋಣೆ ಕೇಳಿದರು. ಈ ಸಲ ಇಲ್ಲ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೊಮ್ಮಗಳು ಹುಟ್ಟಿದ ವಾರವೇ ಹೆಂಗಸರ ಕೋಣೆಯ ಬಾಗಿಲು ತೆರೆಯಿತು.

ಎಣಿಸಲು ಹೋಗುವವರೇ, ಆತುರ ಬಿಡಿ, ಕೂತು ಕೇಳಿ. ಬೀದಿಯಲ್ಲಿ, ಜಗಲಿಯಲ್ಲಿ, ನೆಂಟರ ಮನೆಯ ಮೂಲೆಯಲ್ಲಿ ಮಲಗುವ ಅಕ್ಕಂದಿರೇ, ಅಣ್ಣಂದಿರೇ, ಮನೆ ಇಲ್ಲ ಅನ್ನುವುದರಲ್ಲಿ ನಾಚಿಕೆಯೇನೂ ಇಲ್ಲ. ಅಡಗಬೇಡಿ, ನಿಜ ಹೇಳಿ. ನೀವು ಇದ್ದೀರಿ ಎಂದು ಗೊತ್ತಾದರೆ ತಾನೇ ನಿಮಗೂ ಒಂದು ಜಾಗ ಕೇಳಲು ಆಗುವುದು?