ಮೂರೆಲೆಯ ಗಿಡ

ಶಾಲೆಗೆ ಎಲೆಗಳನ್ನು ಒಯ್ದಿದ್ದ ಮಗಳು ಶ್ಯಾರನ್ ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಮಮ್ಮಿ, ನಮ್ಮ ಹಿತ್ತಲದಾಗಿಂದು ಪತ್ರಿ ಗಿಡ ಅಲ್ಲಂತ, ನೀರ್ವಾಳಂತ. ಅದಕ್ಕೂ ಮೂರ ಎಲಿನ. ಆದ್ರ ಪತ್ರಿಗೆ ಮುಳ್ಳ ಇರ್ತಾವು ಅಂದ್ರು ಟೀಚರ್."

ಹಿಟ್ಟಿನ ಕೈಯಲ್ಲೇ ಹೋಗಿ ಕೊಂಬೆಗಳನ್ನು ತಡವಿದೆ. ಒಂದೂ ಮುಳ್ಳಿರಲಿಲ್ಲ.

ಸಪ್ತಾಪುರದ ಈ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಕಾಶೀಬಾಯಿ ಗೋಡೆಯಾಚೆಯಿಂದ, "ಅದು ಪತ್ರಿ ಗಿಡ ಏನ್ರಿ?" ಎಂದು ಕೇಳಿದ್ದರು. ಚರ್ಚಿಗೆ ಹೋಗುವ ನಮ್ಮನ್ನು ಓಣಿಯಲ್ಲಿ ಮೊದಲು ಮಾತಾಡಿಸಿದವರು ಅವರು. ಆ ಖುಷಿಗೆ, ಏನೂ ಗೊತ್ತಿಲ್ಲದೆ, "ಹೌದ್ರಿ, ಬೇಕಾದಷ್ಟು ಹರಕೊಳ್ರಿ" ಎಂದೆ. ಅವರ ಕಣ್ಣಿಗೆ ಮೋತಿಬಿಂದು, ಎಲ್ಲವೂ ಮಸುಕು. ನನ್ನ ಮಾತನ್ನೇ ನಂಬಿ ಸೋಮವಾರ ಸೋಮವಾರ ಬಂದು ಹರಿದುಕೊಂಡು ಹೋಗಿ ಬಿಲ್ವಪತ್ರೆಯೆಂದು ದೇವರಿಗೆ ಏರಿಸುತ್ತಿದ್ದರು.

ಶ್ರಾವಣದ ಸೋಮವಾರ ಬುಟ್ಟಿ ಹಿಡಿದು ಬಂದೇಬಿಟ್ಟರು.

"ಕಾಕು, ಇವತ್ತ ಹರೀಬ್ಯಾಡ್ರಿ. ಗಿಡಕ್ಕ ಔಷಧ ಹೊಡದೇವಿ."

"ಇಂಥಾ ಮಳ್ಯಾಗ?"

ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವರು ದನಿ ತಗ್ಗಿಸಿ ಕೇಳಿದರು.

"ಪೂಜಿಗೆ ಕೊಡಬ್ಯಾಡ ಅಂತ ನಿಮ್ಮ ಚರ್ಚಿನ್ಯಾಗ ಯಾರರೆ ಅಂದ್ರೇನು, ಎಲಿಜಬೆತ್? ಹಂಗಿದ್ರ ಹೇಳಿಬಿಡು. ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಖಾಲಿ ಬುಟ್ಟಿ ಹಿಡಿದು ತಿರುಗಿದರು. ನನ್ನ ಮುಖ ಉರಿಯಿತು. ಅವರನ್ನು ನೋಯಿಸಬಾರದೆಂದು ಹೇಳಿದ ಸುಳ್ಳು ಎಲ್ಲಿಗೆ ಹೋಗಿ ಮುಟ್ಟಿತ್ತು! ಹಿತ್ತಲ ಗೇಟಿನವರೆಗೆ ಓಡಿದೆ.

"ನಿಂದರ್ರಿ, ಕಾಕು. ಯಾರೂ ಏನೂ ಅಂದಿಲ್ಲ. ಅದು ಪತ್ರಿನ ಅಲ್ರಿ, ನೀರ್ವಾಳ. ಅವತ್ತ ಗೊತ್ತಿಲ್ದ ಹೌದಂದೆ. ಈಗ ಹೇಳಾಕ ನಾಚಿಕಿ ಬಂತು."

ಅವರು ಕೈ ಚಾಚಿ ಗೋಡೆಯ ಮೇಲೆ ಬಾಗಿದ ಕೊಂಬೆಯಿಂದ ಒಂದು ಎಲೆ ಕಿತ್ತು, ತಿಕ್ಕಿ, ಮೂಗಿಗೆ ಹಿಡಿದರು.

"ಪತ್ರಿ ವಾಸನಿನ ಬರವಲ್ದಲಾ ಅಂತ ಪ್ರತಿ ಸಲ ಅನಸ್ತಿತ್ತು. ಕಣ್ಣಂತೂ ಹೋಗ್ಯಾವು, ಈಗ ಮೂಗೂ ಹೋತು ಅಂತ ತಿಳಕೊಂಡಿದ್ದೆ. ಡಾಕ್ಟರ್ ಕಡೆ ಕರಕೊಂಡ ಹೋಗೋ ಅಂತ ನನ್ನ ಮಗ ಮಿಲಿಂದನ್ನ ಎಷ್ಟ ಕಾಡೇನಿ!"

ಅವರು ನಕ್ಕೇ ನಕ್ಕರು. ನನ್ನಿಂದ ನಗಲಾಗಲಿಲ್ಲ. ತಮ್ಮ ಮೂಗನ್ನೇ ಅನುಮಾನಿಸಿದ್ದರು, ನನ್ನ ಮಾತನ್ನಲ್ಲ.

ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದೆ. ಪೇಟೆಯಲ್ಲಿ ಖರೇ ಪತ್ರಿ ಕೊಡಿಸಲು ಅವರ ಕೈ ಹಿಡಿದು ಹೊರಟಾಗಲೂ ತಲೆ ಎತ್ತಲಾಗಲಿಲ್ಲ.