ಫೇಲಮ್ಮನ ಹಿಂದೆ ಬಂದವರು

"ಬರ್ಲಿ, ಇನ್ನೂ ಬರ್ಲಿ... ಎಡಕ್ಕೆ ತಿರುಗ್ಸು... ಅಯ್ಯೋ, ನಿನ್ನೆಡ ಅಲ್ಲಪ್ಪ, ನನ್ನೆಡ!"

ಶವದ ವ್ಯಾನು ಇಕ್ಕಟ್ಟಾದ ಬೀದಿಯಲ್ಲಿ ಹಿಮ್ಮುಖವಾಗಿ ಬರುತ್ತಿತ್ತು. ನೆರೆಯವರೆಲ್ಲ ಬಾಗಿಲಿಗೆ ಬಂದು ತಲೆಗೊಂದು ದಾರಿ ಹೇಳುತ್ತಿದ್ದರು. ಚಾಲಕ ಯಾರ ಮಾತಿಗೂ ಕಿವಿಗೊಡದೆ ಗೇಟಿನ ಮುಂದೆ ನೆಟ್ಟಗೆ ತಂದು ನಿಲ್ಲಿಸಿದ. ಇಳಿದು ಬಂದು, ಮೆಟ್ಟಿಲ ಮೇಲೆ ಕುಳಿತಿದ್ದ ಮುದಿ ದರ್ಜಿಗೆ ಕೈಮುಗಿದ.

"ಮೇಡಂ ನನ್ನ ಮೂರು ಸಲ ಫೇಲ್ ಮಾಡಿದ್ರು ಸಾರ್. ಮಾತು ಜಾಸ್ತಿ, ಗಮನ ಕಮ್ಮಿ ಅಂತ."

"ಮೂರೇನಾ?" ಎಂದರು ದರ್ಜಿ. "ಹಾಗಾದ್ರೆ ನಿನ್ನ ಮೇಲೆ ಪ್ರೀತಿ ಇತ್ತು ಅನ್ನು."

ಸುತ್ತ ನಿಂತವರು ನಕ್ಕರು. ಸಾವಿನ ಮನೆಯೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು. ದರ್ಜಿಯೇ ನಗುತ್ತಿದ್ದುದನ್ನು ಕಂಡು ಮತ್ತೆ ನಕ್ಕರು.

ಒಳಗೆ ಮಲಗಿದ್ದವರು ಅವರ ಹೆಂಡತಿ. ಸಾರಿಗೆ ಕಚೇರಿಯಲ್ಲಿ ಡ್ರೈವಿಂಗ್ ಪರೀಕ್ಷೆ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ನಿನ್ನೆ ಮಧ್ಯಾಹ್ನ ಊಟ ಮುಗಿಸಿ, ತುಸು ಅಡ್ಡಾಗ್ತೀನಿ ಅಂದವರು ಏಳಲಿಲ್ಲ. ಊರು ಅವರಿಗಿಟ್ಟ ಹೆಸರು ಫೇಲಮ್ಮ. ಅದು ಅವರಿಗೂ ಗೊತ್ತಿತ್ತು. ಫೋನಿನಲ್ಲಿ ಯಾರಾದರೂ ಯಾರ ಮನೆ ಎಂದು ಕೇಳಿದರೆ, "ಫೇಲಮ್ಮನ ಮನೆ, ಹೇಳಿ" ಎನ್ನುತ್ತಿದ್ದರು.

ನಗದೆ ನಿಂತಿದ್ದವನು ಫೇಲಮ್ಮನ ತಮ್ಮನೊಬ್ಬನೇ. ಅವನು ಬಸ್ ಮಾಲೀಕ. ಬ್ರೇಕ್ ಸರಿಯಿಲ್ಲವೆಂದು ಅಕ್ಕ ಅವನ ಬಸ್ಸನ್ನು ನಿಲ್ಲಿಸಿದ ಮೇಲೆ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಇವತ್ತು ಎಲ್ಲರಿಗಿಂತ ಮೊದಲು ಬಂದಿದ್ದ.

"ಮದುವೆ ಸೀಸನ್ನಲ್ಲಿ ಭಾವ! ಇಡೀ ಸೀಸನ್ ಗಾಡಿ ಶೆಡ್ಡಲ್ಲಿ. ಒಡಹುಟ್ಟಿದ ತಮ್ಮ ಅಂತ್ಲೂ ನೋಡ್ಲಿಲ್ಲ."

"ಗಂಡ ಅಂತ್ಲೂ ನೋಡ್ಲಿಲ್ಲ ಬಿಡಪ್ಪ," ಎಂದರು ದರ್ಜಿ.

*

ಮದುವೆಯಾದ ಹೊಸತರಲ್ಲಿ ದರ್ಜಿಗೆ ಕಾರಿನ ಹುಚ್ಚು ಹತ್ತಿತ್ತು. ಹೆಂಡತಿ ಗಂಡನನ್ನು ಪರೀಕ್ಷೆ ಮಾಡುವಂತಿಲ್ಲವೆಂದು ಪಕ್ಕದ ಊರಿನ ಕಚೇರಿಗೆ ಹೋದರು. ಅಲ್ಲಿಯ ಅಧಿಕಾರಿ ಇವರು ಯಾರ ಗಂಡ ಎಂದು ತಿಳಿದದ್ದೇ ತಡ, ಕುರ್ಚಿ ಎಳೆದು ಕೂರಿಸಿ, ಚಹಾ ಕುಡಿಸಿ, ಲೈಸೆನ್ಸು ಕೈಗಿತ್ತು ಕಳಿಸಿದ. ಕೀಲಿ ತಿರುಗಿಸುವ ಪ್ರಸಂಗವೇ ಬರಲಿಲ್ಲ.

ಸಂಜೆ ಅದನ್ನು ಕಂಡ ಹೆಂಡತಿ ಕಾರಿನ ಕೀಲಿ ಕೊಟ್ಟರು. "ಗೇಟಿಂದ ಹೊರಗೆ ತೆಗೀರಿ, ನೋಡೋಣ."

ದರ್ಜಿ ಕಾರಿನ ಜೊತೆ ಗೇಟನ್ನೂ ಹೊರಗೆ ತೆಗೆದರು.

"ಈ ಲೈಸೆನ್ಸ್ ವಾಪಸ್ ಕೊಟ್ಟು ಬನ್ನಿ," ಎಂದರು ಹೆಂಡತಿ.

ಮರುದಿನ ಆ ಅಧಿಕಾರಿ ತಬ್ಬಿಬ್ಬಾದ. "ಕೊಡೋಕೆ ನಿಯಮ ಇದೆ, ಕಿತ್ಕೊಳ್ಳೋಕೂ ಇದೆ. ತಾವಾಗೇ ತಂದ್ಕೊಟ್ರೆ ತಗೊಳ್ಳೋಕೆ ಏನೂ ಇಲ್ವಲ್ಲ ಸಾರ್! ಮೇಡಂನೇ ಕೇಳಿ."

ದರ್ಜಿ ಮುಖ ಊದಿಸಿಕೊಂಡು ಎರಡು ದಿನ ನಡೆದೇ ಅಂಗಡಿಗೆ ಹೋದರು. ಮೂರನೆಯ ಬೆಳಿಗ್ಗೆ ಹೆಂಡತಿ ಕಾರನ್ನು ಅವರ ಪಕ್ಕದಲ್ಲೇ ನಿಲ್ಲಿಸಿ ಬಾಗಿಲು ತೆರೆದರು. "ಹತ್ತಿ, ಬಿಡ್ತೀನಿ."

ಅಲ್ಲಿಂದಾಚೆಗೆ ದರ್ಜಿ ಸ್ಟಿಯರಿಂಗ್ ಮುಟ್ಟಲಿಲ್ಲ. ಹೋಗುವಾಗ ಗಿರಾಕಿಗಳ ಕತೆ, ಬರುವಾಗ ಕಚೇರಿಯ ಕತೆ. ಜಗಳವಾಡಿದ ದಿನವೂ ಆ ಬಾಗಿಲು ತೆರೆಯುತ್ತಿತ್ತು. ಅಂಗಡಿ ಬರುವಷ್ಟರಲ್ಲಿ ಇಬ್ಬರಲ್ಲೊಬ್ಬರು ಸೋತಿರುತ್ತಿದ್ದರು. ಯಾರನ್ನಾದರೂ ಫೇಲ್ ಮಾಡಿ ಬಂದ ಸಂಜೆ ಹೆಂಡತಿ ಕಾರನ್ನು ಮೆಲ್ಲಗೆ ಓಡಿಸುತ್ತಿದ್ದರು.

"ಪಾಪ, ಅವನಿಗೆ ಕೆಲಸ ಸಿಕ್ಕಿತ್ತಂತೆ ರೀ. ಏನ್ಮಾಡ್ಲಿ, ಅಡ್ಡ ಬಂದ ನಾಯೀನೇ ಕಾಣಿಸ್ಲಿಲ್ಲ."

*

ವ್ಯಾನು ಹೊರಟಿತು. ಮುಂದೆ ಚಾಲಕನ ಪಕ್ಕ ದರ್ಜಿ, ಅವರ ಪಕ್ಕ ಕಿಟಕಿಯ ಬಳಿ ಮಗಳು. ಹಿಂದೆ ಅಕ್ಕನ ಬಳಿ ತಮ್ಮ. ಹೊರಡುವುದೇ ತಡವಾಗಿತ್ತು. ಸ್ಮಶಾನದ ಕಚೇರಿಯವರು ಕೊಟ್ಟ ಸರದಿ ತಪ್ಪಿದರೆ ಸಂಜೆವರೆಗೂ ಕಾಯಬೇಕು.

ಊರ ಹೊರಗೆ ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪ ಬಿತ್ತು. ವ್ಯಾನು ನಿಂತಿತು. ಎದುರಿನ ಮೂರು ರಸ್ತೆಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನುಗ್ಸಪ್ಪ!" ತಮ್ಮ ಹಿಂದಿನಿಂದ ಕಿಂಡಿ ಬಡಿದ. "ಹೆಣದ ಗಾಡೀನ ಯಾರು ಹಿಡೀತಾರೆ?"

ಚಾಲಕ ದರ್ಜಿಯ ಮುಖ ನೋಡಿದ. "ಹೋಗ್ಲಾ ಸಾರ್?"

"ನನ್ನನ್ಯಾಕಪ್ಪ ಕೇಳ್ತೀಯ? ಹಿಂದೆ ಇದಾಳಲ್ಲ, ಅವಳನ್ನ ಕೇಳು."

ಚಾಲಕ ಎಂಜಿನ್ ಆಫ್ ಮಾಡಿದ.

"ಸತ್ರೂ ಬಿಡಲ್ಲ ಇವಳು," ಎಂದು ಗೊಣಗುತ್ತ ತಮ್ಮ, ಅಕ್ಕನ ಕಾಲಿನಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದ.

ಮಗಳು ಕಿಟಕಿಯಿಂದ ಹಿಂದಕ್ಕೆ ನೋಡಿದಳು. "ಅಪ್ಪ," ಎಂದು ತೋಳು ಹಿಡಿದಳು.

ದರ್ಜಿಯೂ ಬಾಗಿ ನೋಡಿದರು. ಫೇಲಮ್ಮನ ಕೈಯಲ್ಲಿ ಲೈಸೆನ್ಸು ಪಡೆದವರೆಲ್ಲ ಹಿಂದೆ ಬಂದಿದ್ದರು. ಆಟೋ, ಅದರ ಹಿಂದೆ ಹಾಲಿನ ಗಾಡಿ, ಶಾಲೆಯ ವ್ಯಾನು, ಸ್ಕೂಟರುಗಳು, ನೆರೆಯವರನ್ನು ತುಂಬಿಕೊಂಡ ತಮ್ಮನ ಬಸ್ಸು. ದೂರದ ತಿರುವಿನವರೆಗೂ ಒಂದರ ಹಿಂದೊಂದು, ನಡುವೆ ಅಷ್ಟಷ್ಟೇ ಜಾಗ ಬಿಟ್ಟು, ಖಾಲಿ ರಸ್ತೆಯ ಕೆಂಪು ದೀಪಕ್ಕೆ ನಿಂತಿದ್ದವು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ.