ಅಜ್ಜಯ್ಯನ ವಿದಾಯ ಭಾಷಣ

ಭಾನುವಾರ ಸಂಜೆ ಟೀವಿಯಲ್ಲಿ ಕಾರ್ ರೇಸ್ ಮುಗಿದರೆ ಗುಂಡ್ಲುಪೇಟೆಯ ನಂಜುಂಡಪ್ಪನ ಟೀ ಅಂಗಡಿಯಲ್ಲಿ ಇನ್ನೊಂದು ರೇಸ್ ಶುರುವಾಗುತ್ತಿತ್ತು. ಅದಕ್ಕೆ ಟಯರು ಬೇಕಿಲ್ಲ, ನಾಲಗೆ ಇದ್ದರೆ ಸಾಕು. ವಿದೇಶದ ಡ್ರೈವರುಗಳ ಹೆಸರು ಯಾರ ಬಾಯಿಗೂ ಒಗ್ಗದೆ ಎಲ್ಲರಿಗೂ ಊರ ಹೆಸರು ಇಟ್ಟಾಗಿತ್ತು. ಉದ್ದ ಮೂಗಿನವನು ಗಿಣಿ. ಗೆದ್ದಾಗಲೂ ಮುಖ ಗಂಟಿಕ್ಕಿಕೊಳ್ಳುವವನು ಶಾನುಭೋಗ. ಹಳದಿ ಟೀಮಿನ ಹಿರಿಯ ಡ್ರೈವರು ಅಜ್ಜಯ್ಯ.

ಅಂದಿನ ಪಂಚಾಯ್ತಿ ಅಜ್ಜಯ್ಯನದೇ. ಮುಂದಿನ ಸೀಜನ್‌ಗೆ ಅವನನ್ನು ಇಟ್ಟುಕೊಳ್ಳುವುದೋ, ಕಳಿಸುವುದೋ?

"ಒಸ ಇಂಜಿನ್ ಬತ್ತದೆ ಕಣ್ರಲಾ. ಹಳದಿ ಟೀಮು ಮೇಲಕ್ಕೇಳ್ತದೆ," ಎಂದ ಅರಿಶಿನದ ವ್ಯಾಪಾರಿ ಶಾಂತಮಲ್ಲಪ್ಪ. ಅವನದು ಕೆಂಪು ಟೀಮು. ಪ್ರತಿ ವರ್ಷವೂ ಮುಂದಿನ ವರ್ಷ ಗೆಲ್ಲುವ ಟೀಮು.

"ಇಂಜಿನ್ ಒಸದಾದ್ರೆ ಆಯ್ತಾ ಶಾಂತಣ್ಣ? ಮುಂದ್ಗಡೆ ಕುಂತಿರೋದು ಹಳೇ ಸಾಮಾನಲ್ವಾ!" ಎಂದು ಚಂದ್ರಕುಮಾರ್ ಎದ್ದು ನಿಂತ. ಬೆನ್ನು ಬಗ್ಗಿಸಿ, ಕಣ್ಣು ಕಿರಿದು ಮಾಡಿ, ಇಲ್ಲದ ಸ್ಟೇರಿಂಗನ್ನು ತಡಕಾಡಿದ. ಅಂಗಡಿಯೆಲ್ಲ ಗೊಳ್ಳೆಂದಿತು. ನಂಜುಂಡಪ್ಪ ಮಾತ್ರ ನಗಲಿಲ್ಲ. ಚಂದ್ರನ ಯಾವ ಮಿಮಿಕ್ರಿಗೂ ಆತ ಈವರೆಗೆ ಹಲ್ಲು ಬಿಟ್ಟವನಲ್ಲ.

ಚಂದ್ರನಿಗೆ ಆವತ್ತು ನಗಿಸಲೇಬೇಕಿತ್ತು, ಮುಖ್ಯವಾಗಿ ಮಲ್ಲೇಶನನ್ನು. ಎದುರಿನ ಗ್ಯಾರೇಜು ಮಲ್ಲೇಶನದು, ಅದರೊಳಗಿನ ಜಿಪ್ಸಿ ಜೀಪೂ ಅವನದೇ. ಕುಯ್ಲಾದ ಗದ್ದೆಗಳಲ್ಲಿ ನಡೆಯುವ ಕೆಸರು ರೇಸಿಗೆ ಆ ಜಿಪ್ಸಿ ಓಡಿಸುತ್ತಿದ್ದವನು ಚಂದ್ರ. ಬಾಗಿಲ ಮೇಲೆ ಹಳದಿ ಅಕ್ಷರದಲ್ಲಿ 'ಚಂದ್ರಕುಮಾರ್, ಉಡಿಗಾಲ' ಎಂದು ಬರೆದಿತ್ತು. ವಾರವಿಡೀ ಪಿಕಪ್ಪಿನಲ್ಲಿ ಚೆಂಡು ಹೂವು ಸಾಗಿಸುವವನನ್ನು ಸಂತೆಮರಹಳ್ಳಿ ಬಸ್ ಸ್ಟಾಪಿನಲ್ಲಿ ಜನ ಬೆರಳು ಮಾಡಿ ತೋರಿಸುತ್ತಿದ್ದುದು ಆ ಬಾಗಿಲ ದೆಸೆಯಿಂದ. ಹೋದ ಸೀಜನ್ನಿನ ಕೊನೆಯ ರೇಸಿನಲ್ಲಿ ಕುದೇರಿನ ಹತ್ತಿರ ಅವನು ಜಿಪ್ಸಿಯನ್ನು ಕಾಲುವೆಗೆ ಮಲಗಿಸಿದ್ದ. ಹೊಸ ಸೀಜನ್ನಿನ ಮೊದಲ ರೇಸು ಬರುವ ಭಾನುವಾರ. ಸೀಟು ಯಾರಿಗೆಂದು ಮಲ್ಲೇಶ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕೇರಳದ ಬತ್ತೇರಿ ಕಡೆಯ ಒಬ್ಬ ಚೆನ್ನಾಗಿ ಓಡಿಸುತ್ತಾನಂತೆ ಎಂಬ ಸುದ್ದಿಯಂತೂ ಕಿವಿಗೆ ಬಿದ್ದಿತ್ತು.

"ಅಂಗಾರೆ ಅಜ್ಜಯ್ಯನ್ನ ತೆಗೆದಾಕ್ಬೇಕು ಅಂತೀಯಾ?" ಮಲ್ಲೇಶ ಟೀ ಲೋಟದೊಳಗೇ ನೋಡುತ್ತ ಕೇಳಿದ.

"ತೆಗೀದೆ ಇನ್ನೇನ್ ಪೂಜೆ ಮಾಡ್ತಾರಾ?"

"ಮುಂಚೆ ಕರ್ದು ಏಳ್ಬೇಕಲ್ವಾ? ಪಾಪ, ಇಷ್ಟ್ ವರ್ಸ ಓಡ್ಸವ್ನೆ."

"ಏಳ್ಬಾರ್ದು ಕಣ್ಲಾ ಮಲ್ಲೇಶ! ಏಳುದ್ರೆ ಅಳ್ತಾನೆ, ಕಾಲಿಡೀತಾನೆ. ಫೋನ್ ನೋಡಿ ತಿಳ್ಕಳ್ಳಿ ಬುಡು. ಮಜಾ ಇರ್ತದೆ."

ಮಲ್ಲೇಶ ಪಕ್ಕದಲ್ಲಿದ್ದ ತಂಗಿ ನಯನಾಳ ಕಡೆ ನೋಡಿದ. ರೇಸಿನಲ್ಲಿ ಪಕ್ಕ ಕೂತು ತಿರುವು ಕೂಗಿ ಹೇಳುವವಳೂ, ಟೀಮಿನ ವಾಟ್ಸಾಪ್ ಗ್ರೂಪು ನೋಡಿಕೊಳ್ಳುವವಳೂ ಇವಳೇ. ಅವಳು ವೀಡಿಯೊ ಮಾಡಲು ಫೋನು ಎತ್ತಿ ಹಿಡಿದಳು.

"ಚಂದ್ರಣ್ಣ, ಅಜ್ಜಯ್ಯನ ವಿದಾಯ ಭಾಷಣ ಒಂದ್ ಆಗೋಗ್ಲಿ. ಇಂಗ್ಲಿಷ್ ಧಾಟಿ ಬ್ಯಾಡ. ಅವ್ನು ಉಡಿಗಾಲದಲ್ಲೇ ಉಟ್ಟಿದ್ರೆ ಎಂಗೆ ಮಾತಾಡ್ತಿದ್ದ, ಅಂಗೆ ಮಾಡು. ನಿನ್ ಧ್ವನೀಲೇ ಮಾಡು, ಚೆನ್ನಾಗಿರ್ತದೆ."

"ನೋಡ್ತಾ ಇರು ಕಣಮ್ಮಿ," ಎಂದ ಚಂದ್ರ ಹೆಗಲ ಟವೆಲು ಸರಿಮಾಡಿಕೊಂಡ. "ಎಲ್ರುಗೂ ನಮಸ್ಕಾರ. ಮುಂದಿನ ಸೀಜನ್‌ಗೆ ನಾನು ಸ್ಟೇರಿಂಗ್ ಇಡಿಯಲ್ಲ. ನಂಗೆ ತಿರುವು ಕಾಣಲ್ಲ, ಕಾಲ್ಗೆ ಬ್ರೇಕು ಸಿಕ್ಕಲ್ಲ. ಗಾಡೀದು ತಪ್ಪಿಲ್ಲ, ಟೀಮ್ನೋರ್ದೂ ತಪ್ಪಿಲ್ಲ. ಇಷ್ಟ್ ದಿನ ಇಟ್ಕಂಡಿದ್ರಲ್ಲ, ಅದೇ ಅವ್ರ ದೊಡ್ ಗುಣ. ನಂಗಿಂತ ಚೆನ್ನಾಗ್ ಓಡ್ಸೋನು ಬತ್ತಾವ್ನೆ, ಅವ್ನಿಗೆ ಜೈ ಅನ್ನಿ." ಕೊನೆಗೆ ಮೂರು ಸಲ ಬಿಕ್ಕಿ, ಟವೆಲಿನ ತುದಿಯಿಂದ ಮೂಗು ಸೀಟಿಕೊಂಡ. ಶಾಂತಮಲ್ಲಪ್ಪ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಮಲ್ಲೇಶನೂ ನಕ್ಕ. ಸೀಟು ಗಟ್ಟಿಯಾಯಿತೆಂದು ಚಂದ್ರ ಎರಡನೆಯ ಟೀ ಹೇಳಿದ.

ಶುಕ್ರವಾರ ಚಾಮರಾಜನಗರದಲ್ಲಿ ಹೂವು ಇಳಿಸುತ್ತಿದ್ದಾಗ ಜೇಬಿನಲ್ಲಿ ಫೋನು ಒಂದೇ ಸಮನೆ ಕುಣಿಯತೊಡಗಿತು. ಟೀಮಿನ ಗ್ರೂಪಿನಲ್ಲಿ ಕಾಲುವೆಯಲ್ಲಿ ಮಲಗಿದ ಜಿಪ್ಸಿಯ ಫೋಟೋ, ಪಕ್ಕದಲ್ಲಿ ಒದ್ದೆ ಪ್ಯಾಂಟಿನ ಚಂದ್ರ. ಮೇಲೆ, 'ನಮ್ಮ ಡ್ರೈವರ್ ಚಂದ್ರಕುಮಾರ್ ಅವರ ವಿದಾಯದ ಮಾತು.' ಕೆಳಗೆ ಅವನದೇ ವೀಡಿಯೊ. ನೂರಾರು ಜನ ಕೈ ಮುಗಿದಿದ್ದರು. ಉಡಿಗಾಲದಿಂದ ಅವನ ಅವ್ವ ಪುಟ್ಟಸಿದ್ದಮ್ಮ ಫೋನು ಮಾಡಿ, "ಕಣ್ ಕಾಣ್ದಂಗಾಗದಾ ಮಗ, ನಂಗ್ಯಾಕೆ ಏಳ್ನಿಲ್ಲ?" ಎಂದು ಅತ್ತಳು.

ಅವನು ಖಾಲಿ ಕ್ರೇಟುಗಳನ್ನು ಅಲ್ಲೇ ಬಿಟ್ಟು ಗ್ಯಾರೇಜಿಗೆ ಪಿಕಪ್ಪು ಓಡಿಸಿದ. ನಯನಾ ಪೆಟ್ರೋಲ್ ಬಟ್ಟೆಯಲ್ಲಿ ಜಿಪ್ಸಿಯ ಬಾಗಿಲು ಉಜ್ಜುತ್ತಿದ್ದಳು. 'ಉಡಿಗಾಲ' ಆಗಲೇ ಹೋಗಿತ್ತು.

"ಮಲ್ಲೇಶ, ಇದೇನ್ಲಾ ಇದು? ನಾನು ಬುಡ್ತೀನಿ ಅಂತ ಯಾವಾಗ್ ಅಂದೆ?"

"ಊರಿಗೆಲ್ಲ ಕೇಳ್ಸಂಗೆ ಅಂದಿದ್ದೀಯಲ್ಲ."

"ಅದು ಅಜ್ಜಯ್ಯಂದು!"

"ವೀಡಿಯೊದಲ್ಲಿ ಅಜ್ಜಯ್ಯ ಎಲ್ಲವ್ನೆ? ತೋರ್ಸು ನೋಡನ."

"ಒಂದ್ ಮಾತು ಮುಂಚೆ ಏಳಿದ್ರೆ ಆಗ್ತಿರ್ನಿಲ್ವಾ?"

"ಏಳುದ್ರೆ ಅಳ್ತೀಯ, ಕಾಲಿಡೀತೀಯ," ಎಂದ ಮಲ್ಲೇಶ. ಬೇರೆಯವರ ಧ್ವನಿ ತೆಗೆಯುವುದು ಅವನಿಗೂ ಬರುತ್ತಿತ್ತು. ಅದು ಚಂದ್ರನ ಧ್ವನಿಯೇ.

ಚಂದ್ರ ಅಳಲಿಲ್ಲ. ಕಾಲು ಮಾತ್ರ ಹಿಡಿದ. ಮಲ್ಲೇಶ ಮೆಲ್ಲಗೆ ಕಾಲು ಬಿಡಿಸಿಕೊಂಡು ಸ್ಪ್ಯಾನರು ಹುಡುಕಲು ಹೋದ.

ಭಾನುವಾರ ಸಂತೆಮರಹಳ್ಳಿ ಪಕ್ಕದ ಗದ್ದೆಯಲ್ಲಿ ಜನವೋ ಜನ. ಜಿಪ್ಸಿಯೊಳಗೆ ಬತ್ತೇರಿಯವನು ಹೆಲ್ಮೆಟ್ ಹಾಕಿ ಕೂತಿದ್ದ, ಪಕ್ಕದಲ್ಲಿ ನಯನಾ. ರೇಸ್ ಶುರುವಾಗುವ ಮೊದಲೇ ಚಂದ್ರ ಅಟ್ಟಣೆ ಹತ್ತಿ ಮೈಕು ಕಿತ್ತುಕೊಂಡ.

"ಅಣ್ಣಂದಿರೇ, ನಾನು ಸೀಟು ಬುಟ್ಟಿಲ್ಲ! ಅದು ತಮಾಸೆಗೆ ಮಾಡಿದ್ದು! ನಂಗೆ ತಿರುವು ಕಾಣ್ತದೆ, ಬ್ರೇಕೂ ಸಿಕ್ತದೆ..."

ಟೀ ಅಂಗಡಿಯ ಗುಂಪಿನಿಂದ ಯಾರೋ ಶಿಳ್ಳೆ ಹೊಡೆದರು.

"ಅಜ್ಜಯ್ಯ ಬಂದ! ಭಾಷಣ ಎರಡನೇ ಭಾಗ!"

"ಬಿಕ್ಕಳಿಕೆ ಎಲ್ಲೋಯ್ತ್ಲಾ? ಬಿಕ್ಕು, ಬಿಕ್ಕು!"

"ಸತ್ಯವಾಗ್ಲೂ ಏಳ್ತಾವ್ನಿ ಕಣ್ರಲಾ, ನನ್ ಮಾತ್ ಕೇಳಿ," ಎಂದ ಚಂದ್ರ. ಬೇಡ ಬೇಡವೆಂದರೂ ಮೂರು ಸಲ ಬಿಕ್ಕಿದ. ಕೈ ತಾನಾಗಿ ಟವೆಲಿನ ತುದಿಗೆ ಹೋಯಿತು.

ಜನ ಬಿದ್ದು ಬಿದ್ದು ನಕ್ಕರು. ಮಕ್ಕಳನ್ನು ಹೆಗಲಿಗೆ ಎತ್ತಿ ತೋರಿಸಿದರು. ಅಟ್ಟಣೆಯ ಕೆಳಗೆ ಟೀ ಮಾರುತ್ತಿದ್ದ ನಂಜುಂಡಪ್ಪ ಕೆಟಲು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಇದ್ದ ನಾಲ್ಕು ಹಲ್ಲನ್ನೂ ಬಿಟ್ಟು ನಗುತ್ತಿದ್ದ.

"ಈಗ ಬಂತು ನೋಡ್ಲಾ ಸರ್ಯಾಗಿ!" ಎಂದು ಅವನು ಮೇಲಕ್ಕೆ ಕೂಗಿದ.